ಮೂರು ನೂಲು, ಒಂದೂವರೆ ಇಂಚು

(ಪದವಿ ಪ್ರದಾನ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಕನ್ನಡ ಶಾಲೆಯ ಗುರುಗಳಿಗೆ, ಪ್ರತಿ ಶನಿವಾರ ಬೆಳಗ್ಗೆ ನಮ್ಮನ್ನು ಹಾಸಿಗೆಯಿಂದ ಎಬ್ಬಿಸಿ ಕಾರು ಹತ್ತಿಸಿದ ಅಪ್ಪ ಅಮ್ಮಂದಿರಿಗೆ, ಇವತ್ತು ನನ್ನ ಜೊತೆ ಪದವಿ ಪತ್ರ ಪಡೆಯುತ್ತಿರುವ ಗೆಳೆಯ ಗೆಳತಿಯರಿಗೆ ನನ್ನ ವಂದನೆಗಳು.

ಯಾವ ವಿಷಯದ ಬಗ್ಗೆ ಮಾತಾಡುತ್ತೀಯ ಎಂದು ಟೀಚರ್ ಕೇಳಿದಾಗ ನಾನು "ಹಾರ್ಡ್‌ವೇರ್ ಅಂಗಡಿ" ಎಂದೆ. ಅವರು ಕಂಪ್ಯೂಟರಿನ ಹಾರ್ಡ್‌ವೇರ್ ಎಂದುಕೊಂಡರು. "ಅಲ್ಲ ಟೀಚರ್, ಮೊಳೆ, ಸ್ಕ್ರೂ, ಹಗ್ಗ, ಬಣ್ಣ ಮಾರುವ ಅಂಗಡಿ" ಎಂದೆ. "ಅದಕ್ಕೂ ಕನ್ನಡ ಶಾಲೆಗೂ ಏನಮ್ಮ ಸಂಬಂಧ?" ಎಂದರು. ಅದನ್ನು ಹೇಳುವುದಕ್ಕೇ ಈಗ ಇಲ್ಲಿ ನಿಂತಿದ್ದೇನೆ.

ನಮ್ಮ ಮನೆ ಮಿಸ್ಸಿಸಾಗದಲ್ಲಿದೆ. ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಹಳೆಯ ಹಾರ್ಡ್‌ವೇರ್ ಅಂಗಡಿ ಇತ್ತು. ಕಳೆದ ನವೆಂಬರಿನಲ್ಲಿ ಅದು ಮುಚ್ಚಿತು. ಬಾಗಿಲು ತಳ್ಳಿದರೆ ಮೇಲೆ ಕಟ್ಟಿದ ಗಂಟೆ ಟಿಣ್ ಎನ್ನುತ್ತಿತ್ತು. ಮರದ ನೆಲ ಕಿರುಗುಟ್ಟುತ್ತಿತ್ತು. ಎಣ್ಣೆ, ರಬ್ಬರು, ಬಣ್ಣ, ಹುಲ್ಲಿನ ಬೀಜ ಎಲ್ಲ ಸೇರಿದ ಒಂದು ವಾಸನೆ ಇತ್ತು. ಎಡಗಡೆಯ ಗೋಡೆಯ ಉದ್ದಕ್ಕೂ ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಮರದ ಡ್ರಾಯರುಗಳು. ಪ್ರತಿ ಡ್ರಾಯರಿನ ಮುಖದ ಮೇಲೆ ಒಳಗಿರುವ ವಸ್ತುವಿನ ಒಂದು ಮಾದರಿಯನ್ನೇ ಅಂಟಿಸಿದ್ದರು. ಹೆಸರು ಗೊತ್ತಿಲ್ಲದವರು ಬೆರಳು ತೋರಿಸಿ ಕೇಳಬಹುದಿತ್ತು. ಒಂದೇ ಒಂದು ಸ್ಕ್ರೂ ಬೇಕೆಂದರೂ ಕೊಡುತ್ತಿದ್ದರು. ಬೀಗದ ಕೈ ಮಾಡಿಕೊಡುತ್ತಿದ್ದರು, ಗಾಜು ಕತ್ತರಿಸಿ ಕೊಡುತ್ತಿದ್ದರು, ಬೇಸಿಗೆಯಲ್ಲಿ ಕಿಟಕಿಯ ಹರಿದ ಜಾಲರಿ ಹಾಕಿಕೊಡುತ್ತಿದ್ದರು, ಚಳಿಗಾಲದಲ್ಲಿ ಮಕ್ಕಳ ಐಸ್ ಸ್ಕೇಟಿನ ಅಲಗು ಸಾಣೆ ಹಿಡಿದು ಕೊಡುತ್ತಿದ್ದರು.

ಅಂಗಡಿಯ ಯಜಮಾನರಿಗೆ ಆಗಲೇ ಎಪ್ಪತ್ತರ ಹತ್ತಿರ. ಇಲ್ಲಿನ ಪದ್ಧತಿಯಂತೆ ಅವರನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅವರಿಗೆ ಅಂಗಡಿಯಜ್ಜ ಎಂದೇ ಹೆಸರಾಯಿತು. ಆ ಹೆಸರು ಬಂದದ್ದು ನನ್ನ ಸ್ವಂತ ಅಜ್ಜನಿಂದ.

ನನ್ನ ಅಜ್ಜ ಭದ್ರಾವತಿಯವರು. ಸರ್ ಎಂ. ವಿಶ್ವೇಶ್ವರಯ್ಯನವರ ದುಡಿಮೆಯಿಂದ ಬೆಳೆದ, 1923ರಲ್ಲಿ ಉತ್ಪಾದನೆ ಶುರು ಮಾಡಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಫಿಟ್ಟರ್ ಆಗಿದ್ದರು. 2019ರ ಬೇಸಿಗೆಯಲ್ಲಿ ಅಜ್ಜ ಅಜ್ಜಿ ಇಲ್ಲಿಗೆ ಬಂದರು. ನನಗಾಗ ಹತ್ತು ವರ್ಷ. ಅಜ್ಜಿಗೆ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು, ಅಜ್ಜನಿಗೆ ಮಾಡಲು ಏನೂ ಇರಲಿಲ್ಲ. ಮೂರನೆಯ ದಿನ ಒಂದು ಕೆಲಸ ಸಿಕ್ಕಿತು. ಗಾಳಿ ಬಂದರೆ ನಮ್ಮ ಹಿತ್ತಲ ಗೇಟು ರಾತ್ರಿಯಿಡೀ ದಡದಡ ಬಡಿಯುತ್ತಿತ್ತು. "ಇದಕ್ಕೊಂದು ಅಗುಳಿ ಹಾಕಿದ್ರೆ ಮುಗೀತು. ಬಾ ಮರಿ, ಅಂಗಡಿ ತೋರಿಸು" ಎಂದು ನನ್ನನ್ನು ಕರೆದುಕೊಂಡು ಹೊರಟರು.

ಶನಿವಾರ, ಅಂಗಡಿ ತುಂಬ ಜನ. ಅಜ್ಜ ಮೊದಲು ತಾವೇ ಇಂಗ್ಲಿಷಿನಲ್ಲಿ ಕೇಳಿದರು: "ಟವರ್ ಬೋಲ್ಟ್." ಭಾರತದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೂ ಸಿಗುವ ವಸ್ತು. ಇಲ್ಲಿ ಅದನ್ನು ಬ್ಯಾರೆಲ್ ಬೋಲ್ಟ್ ಎನ್ನುತ್ತಾರೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಯಜಮಾನರಿಗೆ ತಿಳಿಯಲಿಲ್ಲ. ಅಜ್ಜ ನನ್ನ ಕಡೆ ತಿರುಗಿ "ಅಗುಳಿ ಬೇಕು ಅಂತ ಹೇಳು" ಎಂದರು. ನನಗೆ ಅಗುಳಿ ಎಂದರೆ ಏನೆಂದು ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಲೂ ಇಲ್ಲ. ಬೀಗ ಇರಬಹುದು ಎಂದು ಊಹಿಸಿ ಬೀಗ ಎಂದೆ. ಅವರು ಬೀಗ ತಂದರು. ಅಜ್ಜ ತಲೆಯಾಡಿಸಿದರು. "ಚಿಲಕ, ಚಿಲಕ" ಎಂದರು. ನಾನು ಬಾಗಿಲ ಹಿಡಿ ಎಂದೆ. ಅವರು ಹಿಡಿ ತಂದರು. ಅಜ್ಜ ಬೆರಳಿನಿಂದ ಗಾಳಿಯಲ್ಲಿ ಸರಿಸಿ ತೋರಿಸತೊಡಗಿದರು. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಆ ಸಾಲಿನಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳು ತನ್ನ ಅಪ್ಪನ ಜೊತೆ ನಿಂತಿದ್ದಳು.

ನನ್ನ ಮುಖ ಬಿಸಿಯಾಯಿತು. ಆಗ ನಾನು ಯಜಮಾನರಿಗೆ ಇಂಗ್ಲಿಷಿನಲ್ಲಿ ಹೇಳಿದೆ: "ಅವರಿಗೇ ಏನು ಬೇಕು ಅಂತ ಗೊತ್ತಿಲ್ಲ, ಬಿಡಿ."

ಯಜಮಾನರು ನನ್ನನ್ನು ನೋಡಿದರು. ಗದರಲಿಲ್ಲ. "ಅವರಿಗೆ ಗೊತ್ತಿದೆ. ನಮಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೇ" ಎಂದರು. ಕಂದು ಕಾಗದದ ಚೀಲವೊಂದನ್ನು ಮಗುಚಿ, ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಅಜ್ಜನ ಮುಂದಿಟ್ಟರು.

ಅಜ್ಜ ಬರೆದದ್ದನ್ನು ನೀವು ನೋಡಬೇಕಿತ್ತು. ಎದುರಿನಿಂದ ಕಂಡಂತೆ ಒಂದು ಚಿತ್ರ, ಪಕ್ಕದಿಂದ ಕಂಡಂತೆ ಇನ್ನೊಂದು. ಅಳತೆಯ ಗೀಟುಗಳು, ಗೀಟಿನ ಎರಡೂ ತುದಿಗೆ ಬಾಣದ ಗುರುತು. ಸರಳಿನ ದಪ್ಪ ಎಂಟರಲ್ಲಿ ಮೂರು ಭಾಗ ಇಂಚು ಎಂದು ಬರೆದು, ನನಗೆ ಕೇಳುವಂತೆ "ಮೂರು ನೂಲು" ಎಂದರು. ಇಂಚಿಗೆ ಎಂಟು ನೂಲು. ನಮ್ಮೂರಿನ ಬಡಗಿಗಳ, ಗಾರೆ ಕೆಲಸದವರ ಲೆಕ್ಕ ಅದು. ಕೆನಡಾ ಮೆಟ್ರಿಕ್ ಆಗಿ ಎಷ್ಟೋ ವರ್ಷವಾದರೂ ಇಲ್ಲಿಯ ಹಾರ್ಡ್‌ವೇರ್ ಅಂಗಡಿಗಳು ಇನ್ನೂ ಇಂಚಿನಲ್ಲೇ ಮಾತಾಡುತ್ತವೆ. ಆ ಎಂಟರಲ್ಲಿ ಮೂರು ಭಾಗವನ್ನು ಕಂಡದ್ದೇ ತಡ, ಯಜಮಾನರ ಮುಖ ಅರಳಿತು. ಸೀದಾ ಹೋಗಿ ಒಂದು ಅಗುಳಿ ತಂದರು. ಅಜ್ಜ ಅದನ್ನು ಹಿಂದೆ ಮುಂದೆ ಸರಿಸಿ ನೋಡಿ "ಇದೇ!" ಎಂದರು.

ಸ್ಕ್ರೂ ಬೇಕಿತ್ತಲ್ಲ, ಆರು ಎಣಿಸಿ ಕೊಟ್ಟರು. ಅಜ್ಜ ಒಂದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ತಲೆಯ ಮೇಲೆ ಉದ್ದ ಗೀಟೂ ಇಲ್ಲ, ಸ್ಟಾರೂ ಇಲ್ಲ, ಚೌಕಾಕಾರದ ಗುಂಡಿ. ಯಜಮಾನರು ಕೆಂಪು ಹಿಡಿಯ ಸ್ಕ್ರೂಡ್ರೈವರಿನ ತುದಿಗೆ ಸ್ಕ್ರೂ ಸಿಕ್ಕಿಸಿ, ಅಡ್ಡ ಹಿಡಿದು, ಇನ್ನೊಂದು ಕೈ ಬಿಟ್ಟರು. ಸ್ಕ್ರೂ ಬೀಳಲಿಲ್ಲ. ಅಜ್ಜ ಮಗುವಿನ ಹಾಗೆ ನಕ್ಕರು. ಅದು ರಾಬರ್ಟ್‌ಸನ್ ಸ್ಕ್ರೂ. ಪಿ. ಎಲ್. ರಾಬರ್ಟ್‌ಸನ್ ಎಂಬ ಕೆನಡಾದವರು ಇದನ್ನು ಮಾಡಿದರು. 1908ರಲ್ಲಿ ಅವರು ಕಾರ್ಖಾನೆ ತೆರೆದದ್ದು ಇಲ್ಲೇ ಪಕ್ಕದ ಮಿಲ್ಟನ್ನಿನಲ್ಲಿ. ನಮ್ಮಲ್ಲಿ ಎಷ್ಟೋ ಜನ ಈಗ ಮನೆ ಕೊಂಡಿರುವ ಅದೇ ಮಿಲ್ಟನ್. ಹಿಡಿಯ ಬಣ್ಣದಿಂದಲೇ ಅಳತೆ ಗೊತ್ತಾಗುತ್ತದೆ: ಹಳದಿ, ಹಸಿರು, ಕೆಂಪು, ಕಪ್ಪು. ಈ ನಾಲ್ಕರಲ್ಲಿ ಹಳದಿ ಸಣ್ಣದು.

ಮನೆಗೆ ಬರುವ ದಾರಿಯಲ್ಲಿ ಅಜ್ಜ ಏನೂ ಹೇಳಲಿಲ್ಲ. ಅವರಿಗೆ ನನ್ನ ಇಂಗ್ಲಿಷ್ ಮಾತು ತಿಳಿದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಕಾರ್ಖಾನೆಯಲ್ಲಿ ಅಷ್ಟು ವರ್ಷ ಇಂಗ್ಲಿಷ್ ಡ್ರಾಯಿಂಗ್ ಓದಿ ಕೆಲಸ ಮಾಡಿದವರಿಗೆ ಆ ಒಂದು ವಾಕ್ಯ ತಿಳಿಯದೆ ಇರುತ್ತದೆಯೇ?

ಅವತ್ತಿನಿಂದ ಅಜ್ಜ ದಿನಾ ಅಂಗಡಿಗೆ ಹೋಗತೊಡಗಿದರು. ಕೊಳ್ಳುವುದು ಏನೂ ಇರುತ್ತಿರಲಿಲ್ಲ. ಇಂಥ ಎಲ್ಲ ಅಂಗಡಿಗಳಲ್ಲೂ ದಿಕ್ಕುತಪ್ಪಿದ ಬೋಲ್ಟು, ನಟ್ಟು ಹಾಕುವ ಒಂದು ಡಬ್ಬ ಇರುತ್ತದೆ. ಇಲ್ಲಿ ಅಂಥ ನಾಲ್ಕು ಕಾಫಿ ಡಬ್ಬಗಳಿದ್ದವು. ಅಜ್ಜ ಒಂದು ಸ್ಟೂಲಿನ ಮೇಲೆ ಕೂತು ಅವನ್ನೆಲ್ಲ ಸುರಿದುಕೊಂಡು, ಮರೆ ನೋಡಿ, ಉದ್ದ ನೋಡಿ ವಿಂಗಡಿಸಿದರು. ತುಂಬಿದ ಡ್ರಾಯರಿಗೆ ಚೀಟಿ ಬೇಕಾಯಿತು. "ನಿಮ್ಮ ಭಾಷೆಯಲ್ಲೇ ಬರೆಯಿರಿ. ಮಾದರಿಯನ್ನು ಮುಂದೆ ಅಂಟಿಸುತ್ತೇವಲ್ಲ, ಯಾರಿಗೂ ತೊಂದರೆಯಿಲ್ಲ" ಎಂದರಂತೆ ಯಜಮಾನರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಆದರೂ ಮನೆಗೆ ಬಂದು ಅಜ್ಜ "ಇವತ್ತು ಅಂಗಡಿಯಜ್ಜ ಹಿಂಗಂದ್ರು" ಎಂದು ಕಥೆ ಹೇಳುತ್ತಿದ್ದರು. ಅಕ್ಟೋಬರಿನಲ್ಲಿ ಅಜ್ಜ ಅಜ್ಜಿ ಭದ್ರಾವತಿಗೆ ವಾಪಸಾದರು.

ಡಿಸೆಂಬರಿನಲ್ಲಿ ಅಪ್ಪನ ಜೊತೆ ನಾನು ಹಿಮಕ್ಕೆ ಹಾಕುವ ಉಪ್ಪು ತರಲು ಹೋಗಿದ್ದೆ. ಅಂಗಡಿಯಜ್ಜ ನನ್ನನ್ನು ಕರೆದು ಒಂದು ಡ್ರಾಯರು ತೋರಿಸಿದರು. ಮಾಸ್ಕಿಂಗ್ ಟೇಪಿನ ಮೇಲೆ ಅಜ್ಜನ ದುಂಡು ಅಕ್ಷರ. "ಗಿರಾಕಿಗಳು ಕೇಳುತ್ತಾರೆ, ಇಲ್ಲಿ ಏನು ಬರೆದಿದೆ?" ಎಂದರು.

ನನಗೆ ಓದಲು ಬರಲಿಲ್ಲ. ನಾನು ಏಳನೆಯ ವಯಸ್ಸಿನಲ್ಲಿ ಇದೇ ಶಾಲೆಗೆ ಸೇರಿ, ಈಜಿನ ತರಗತಿ ಶನಿವಾರ ಬಿತ್ತು ಎಂದು ಬಿಟ್ಟಿದ್ದೆ. ಅಕ್ಷರಗಳಲ್ಲಿ ಒಂದು "ರ" ಮಾತ್ರ ಗುರುತು ಸಿಕ್ಕಿತು. ಅಪ್ಪ ಹತ್ತು ಹೆಜ್ಜೆ ದೂರದಲ್ಲಿದ್ದರು, ಕೇಳಬಹುದಿತ್ತು. ಕೇಳಲಿಲ್ಲ. "ಬೋಲ್ಟು ಅಂತ ಬರೆದಿದೆ" ಎಂದೆ. ಅದೇ ಅಂಗಡಿಯಲ್ಲಿ ಎರಡನೆಯ ಸಲ ಅಜ್ಜನ ಮಾತನ್ನು ತಪ್ಪಾಗಿ ಹೇಳಿದ್ದೆ. ಮೊದಲನೆಯ ಸಲ ನಾಚಿಕೆಯಿಂದ, ಎರಡನೆಯ ಸಲ ಬರದೆ ಇದ್ದದ್ದರಿಂದ. ಕಾರಿನಲ್ಲಿ ಉಪ್ಪಿನ ಚೀಲದ ಪಕ್ಕ ಕೂತು ಅಪ್ಪನಿಗೆ ಹೇಳಿದೆ, ನಾನು ಮತ್ತೆ ಕನ್ನಡ ಶಾಲೆಗೆ ಹೋಗುತ್ತೇನೆ ಎಂದು. ಅಪ್ಪ ಕಾರಣ ಕೇಳಲಿಲ್ಲ. ಇವತ್ತು ಮೊದಲ ಸಲ ಕೇಳುತ್ತಿದ್ದಾರೆ.

2020ರ ಜನವರಿಯಲ್ಲಿ ಸೇರಿದೆ. ನನಗಿಂತ ಚಿಕ್ಕ ಮಕ್ಕಳ ಜೊತೆ ಕೂತೆ. ಮಾರ್ಚ್ ತಿಂಗಳಲ್ಲಿ ತರಗತಿ ಕಂಪ್ಯೂಟರಿನ ಪರದೆಗೆ ಬಂತು. ಆ ಬೇಸಿಗೆಯಲ್ಲಿ ಮಾಸ್ಕ್ ಹಾಕಿಕೊಂಡು ಅಂಗಡಿಗೆ ಹೋಗಿ ಡ್ರಾಯರಿನ ಮುಂದೆ ನಿಂತೆ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ಮೂರು ನೂಲು, ಒಂದೂವರೆ ಇಂಚು. ಅಂಗಡಿಯಜ್ಜನಿಗೆ ಅರ್ಥ ಹೇಳಿದೆ. "ಬೋಲ್ಟು ಅಂದಿದ್ದೆಯಲ್ಲ?" ಎಂದರು. "ಅವತ್ತು ಸುಳ್ಳು ಹೇಳಿದ್ದೆ" ಎಂದೆ. ಅವರು ಮಾಸ್ಕಿನ ಒಳಗೇ ನಕ್ಕು, "ಮೂರು ನೂಲು, ಮೂರು ನೂಲು" ಎಂದು ಬಾಯಿಪಾಠ ಮಾಡಿದರು.

ಆ ಚಳಿಗಾಲದಲ್ಲಿ ನಾನು ಅಜ್ಜನಿಗೆ ನನ್ನ ಮೊದಲ ಕನ್ನಡ ಪತ್ರ ಬರೆದೆ. ಒಂದೇ ಪುಟ. ಫೋಟೊ ತೆಗೆದು ಕಳಿಸಿದೆ. ಗೇಟಿನ ಅಗುಳಿ ಚೆನ್ನಾಗಿದೆ ಎಂದು ಬರೆದಿದ್ದೆ. ಅವತ್ತು ಅಂಗಡಿಯಲ್ಲಿ ನಾನು ಅಂದದ್ದು ತಪ್ಪು ಎಂದೂ ಬರೆದಿದ್ದೆ. ಮಾರನೆಯ ದಿನ ವಿಡಿಯೊ ಕರೆಯಲ್ಲಿ ಅಜ್ಜ ಕನ್ನಡಕ ಹಾಕಿಕೊಂಡು ನನ್ನ ಮುಂದೆಯೇ ಇನ್ನೊಮ್ಮೆ ಓದಿದರು. ಓದಿ ಹೇಳಿದ್ದು ಇಷ್ಟೇ: "ಅಗುಲಿ ಅಲ್ಲ ಮರಿ, ಅಗುಳಿ. ನಾಲಿಗೆ ಮಡಚು." ತಪ್ಪಿನ ವಿಷಯ ಎತ್ತಲೇ ಇಲ್ಲ. ಅದೇ ಅವರು ಕೊಟ್ಟ ಉತ್ತರ ಎಂದು ನನಗೆ ಈಗ ತಿಳಿಯುತ್ತದೆ.

2021ರ ಮೇ ತಿಂಗಳಲ್ಲಿ ಅಜ್ಜ ತೀರಿಕೊಂಡರು. ಆಗ ಭಾರತ ಕೆನಡಾ ನಡುವೆ ನೇರ ವಿಮಾನಗಳು ನಿಂತಿದ್ದವು. ಅಪ್ಪ ಹೋಗಲಾಗಲಿಲ್ಲ. ಅವತ್ತು ಸಂಜೆ ಅಪ್ಪ ಹಿತ್ತಲಿಗೆ ಹೋಗಿ ಗೇಟಿನ ಹತ್ತಿರ ಬಹಳ ಹೊತ್ತು ನಿಂತಿದ್ದರು.

ಹದಿನಾಲ್ಕು ತುಂಬಿದ ಮೇಲೆ ಅಂಗಡಿಯಜ್ಜ ನನಗೆ ಶನಿವಾರ ಮಧ್ಯಾಹ್ನದ ಕೆಲಸ ಕೊಟ್ಟರು. ಬೆಳಗ್ಗೆ ಕನ್ನಡ, ಮಧ್ಯಾಹ್ನ ಮೊಳೆ. ಅಲ್ಲಿ ನಾನು ಕಲಿತ ಮೊದಲ ಪಾಠ, "ಏನು ಬೇಕು?" ಎಂದು ಕೇಳಬಾರದು, "ಏನು ಕೆಟ್ಟಿದೆ?" ಎಂದು ಕೇಳಬೇಕು. ಒಮ್ಮೆ ಒಬ್ಬ ಹೆಂಗಸು ಅಡುಗೆಮನೆಗೆ ಹೊಸ ನಲ್ಲಿ ಬೇಕೆಂದು ಬಂದರು. ಅಂಗಡಿಯಜ್ಜ ನಾಲ್ಕು ಪ್ರಶ್ನೆ ಕೇಳಿ, ಒಂದು ಡಾಲರಿಗೂ ಕಡಿಮೆಯ ರಬ್ಬರ್ ವಾಷರ್ ಕೊಟ್ಟು, ಹಾಕುವುದು ಹೇಗೆಂದು ತೋರಿಸಿ ಕಳಿಸಿದರು. ನೂರು ಡಾಲರಿನ ನಲ್ಲಿಯನ್ನೇ ಮಾರಬಹುದಿತ್ತಲ್ಲ ಎಂದು ನಾನು ಕೇಳಿದೆ. "ನಲ್ಲಿ ಕೆಟ್ಟಿರಲಿಲ್ಲ" ಎಂದರು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹಿಂದಿನ ಕೋಣೆಯಿಂದ "ಮೂರು ನೂಲು, ಎರಡು ಡಜನ್!" ಎಂದು ಕೂಗುತ್ತಿದ್ದರು. ಭದ್ರಾವತಿಯ ಲೆಕ್ಕ ಮಿಸ್ಸಿಸಾಗದಲ್ಲಿ ನಡೆಯುತ್ತಿತ್ತು.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಆ ಅಂಗಡಿಯಲ್ಲಿ ಕೆಲವು ವಸ್ತುಗಳಿಗೆ ಬೆಲೆ ಜಾಸ್ತಿ ಇತ್ತು. ಸಂಜೆ ಆರಕ್ಕೆ ಬಾಗಿಲು ಹಾಕುತ್ತಿದ್ದರು. ನನ್ನನ್ನು ನೋಡಿ "ಗೊತ್ತಿರುವವರು ಯಾರಾದರೂ ಇದ್ದಾರಾ?" ಎಂದು ನನ್ನ ತಲೆಯ ಮೇಲಿಂದ ಇಣುಕಿ ಕೇಳಿದ ಗಿರಾಕಿಗಳೂ ಇದ್ದರು. ಅಂಗಡಿಯಜ್ಜ ಆಗ "ಅವಳಿಗೇ ಗೊತ್ತು, ಅವಳನ್ನೇ ಕೇಳಿ" ಎಂದು ಹೇಳಿ ಬೇಕೆಂದೇ ಹಿಂದಿನ ಕೋಣೆಗೆ ಹೋಗಿಬಿಡುತ್ತಿದ್ದರು.

ಅಂಗಡಿ ಮುಚ್ಚಿದ್ದಕ್ಕೆ ಯಾವ ಖಳನಾಯಕನೂ ಇಲ್ಲ. ಅವರಿಗೆ ವಯಸ್ಸಾಯಿತು, ಮೊಣಕಾಲು ನೋವು. ಮಕ್ಕಳು ಬೇರೆ ಬೇರೆ ಊರಿನಲ್ಲಿ ಬೇರೆ ಕೆಲಸದಲ್ಲಿದ್ದಾರೆ. ಬಾಡಿಗೆ ಏರಿತು, ವ್ಯಾಪಾರ ಇಳಿಯಿತು. ಸಣ್ಣ ಅಂಗಡಿಗಳು ಉಳಿಯುವುದೇ ಇಲ್ಲ ಎಂದೂ ಅಲ್ಲ. ಇದೇ ಒಂಟಾರಿಯೊದ ಸೇಂಟ್ ಜೇಕಬ್ಸ್ ಎಂಬ ಪುಟ್ಟ ಊರಿನಲ್ಲಿ 1964ರಲ್ಲಿ ಸಣ್ಣ ಅಂಗಡಿಯವರು ಒಟ್ಟಾಗಿ ಹೋಮ್ ಹಾರ್ಡ್‌ವೇರ್ ಸಂಸ್ಥೆ ಕಟ್ಟಿದರು. ಒಬ್ಬೊಬ್ಬರೇ ಕೊಂಡರೆ ದುಬಾರಿ, ಎಲ್ಲರೂ ಸೇರಿ ಸಗಟಾಗಿ ಕೊಂಡರೆ ಅಗ್ಗ ಎಂಬ ಸರಳ ಲೆಕ್ಕ. ಇವತ್ತು ಕೆನಡಾದಲ್ಲಿ ಅದರ ಸಾವಿರಕ್ಕೂ ಹೆಚ್ಚು ಅಂಗಡಿಗಳಿವೆ, ಅಂಗಡಿಗಳ ಒಡೆತನ ಆಯಾ ಊರಿನವರದೇ.

ಕೊನೆಯ ವಾರ ಅಂಗಡಿಗೆ ಜನವೋ ಜನ. ಎಲ್ಲರೂ ಬಂದು ಅಂಗಡಿಯಜ್ಜನ ಕೈ ಹಿಡಿದು, "ಇನ್ನು ನಾವು ಎಲ್ಲಿಗೆ ಹೋಗಬೇಕು?" ಎಂದರು. ಕೆಲವರು ಅತ್ತರು. ಸಂಜೆ ಬಾಗಿಲು ಹಾಕುವಾಗ ಅವರು ನನಗೆ ಹೇಳಿದರು: "ಇವರಲ್ಲಿ ಅರ್ಧ ಜನರನ್ನು ನಾನು ನೋಡಿ ಮೂರು ವರ್ಷವಾಗಿತ್ತು." ಕೋಪದಿಂದ ಹೇಳಲಿಲ್ಲ, ಲೆಕ್ಕ ಹೇಳುವ ಹಾಗೆ ಹೇಳಿದರು. ನಾನು ತಲೆ ತಗ್ಗಿಸಿದೆ. ಅದೇ ವರ್ಷ ನಮ್ಮ ಮನೆಗೆ ತೋಟಕ್ಕೆ ನೀರು ಹಾಯಿಸುವ ಪೈಪು ಆನ್‌ಲೈನಿನಲ್ಲಿ ಬಂದಿತ್ತು. ಎಂಟು ಡಾಲರು ಉಳಿಯುತ್ತದೆ ಎಂದು ಗುಂಡಿ ಒತ್ತಿದವಳು ನಾನೇ. ಆ ಅಂಗಡಿಯಲ್ಲೇ ಕೆಲಸ ಮಾಡುತ್ತಿದ್ದ ನಾನೇ.

ಇವತ್ತು ನಾನು ಹೇಳಬೇಕೆಂದಿದ್ದ ಮಾತು ಇದು. ಮುಚ್ಚಿದ ಮೇಲೆ ಅಳುವುದು ಸುಲಭ. ತೆರೆದಿರುವಾಗ, ಮಳೆಯಲ್ಲಿ, ಎರಡು ಸ್ಕ್ರೂ ತರಲು ಹತ್ತು ನಿಮಿಷ ನಡೆದು ಹೋಗುವುದು ಕಷ್ಟ. ಅಂಗಡಿ ಉಳಿಯುವುದು ಆ ಎರಡು ಸ್ಕ್ರೂಗಳಿಂದ.

ಕನ್ನಡವೂ ನಮ್ಮ ಮನೆಗಳಲ್ಲಿ ಹಾಗೆಯೇ ಎಂದು ನನಗೆ ಅನಿಸುತ್ತದೆ. ರಾಜ್ಯೋತ್ಸವದ ದಿನ ಕೆಂಪು ಹಳದಿ ಶಾಲು ಹಾಕಿಕೊಂಡು ಕನ್ನಡ ಉಳಿಯಬೇಕು ಎಂದು ನಾವೆಲ್ಲ ಹೇಳುತ್ತೇವೆ. ನಾನೂ ಇದೇ ವೇದಿಕೆಯಲ್ಲಿ ಹೇಳಿದ್ದೇನೆ. ಆದರೆ ನನಗೆ ಕನ್ನಡ ಬೇಕಾದದ್ದು ವೇದಿಕೆಯಲ್ಲಿ ಅಲ್ಲ. ಒಂದು ಗೇಟಿಗೆ ಒಂದು ಅಗುಳಿ ಕೇಳುವಾಗ ಬೇಕಾಯಿತು, ಆಗ ನನ್ನ ಹತ್ತಿರ ಇರಲಿಲ್ಲ. ಚಿಕ್ಕ ತರಗತಿಯ ತಮ್ಮಂದಿರೇ, ತಂಗಿಯರೇ, ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಅಜ್ಜಿಗೋ ತಾತನಿಗೋ ಫೋನ್ ಮಾಡಿ, ಮನೆಯಲ್ಲಿರುವ ಹತ್ತು ವಸ್ತುಗಳ ಹೆಸರು ಕೇಳಿ. ಸುತ್ತಿಗೆ, ಇಕ್ಕಳ, ಗರಗಸ, ಉಳಿ, ಕೊಂಡಿ, ಚಿಲಕ. ಅವರಿಗೆ ಹೇಳಲು ಖುಷಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ನನ್ನ ಹಾಗೆ ಊಹಿಸಿ ಹೇಳಬೇಡಿ. ಮುಖ್ಯವಾಗಿ, ಅವರಿಗೆ ಗೊತ್ತಿಲ್ಲ ಎಂದು ಮಾತ್ರ ಯಾರಿಗೂ ಹೇಳಬೇಡಿ.

ಕೊನೆಯ ದಿನ ಅಂಗಡಿಯಜ್ಜ ಆ ಡ್ರಾಯರನ್ನು ಗೋಡೆಯಿಂದ ಎಳೆದು ನನ್ನ ಕೈಗೆ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಈಗ ಅದು ನನ್ನ ಓದುವ ಮೇಜಿನ ಮೇಲಿದೆ. ಒಳಗೆ ಹನ್ನೊಂದು ಬೋಲ್ಟುಗಳಿವೆ. ಟೇಪು ಹಳದಿಯಾಗಿದೆ, ಅಂಚು ಸುರುಳಿಯಾಗಿದೆ, ಆದರೆ ಅಕ್ಷರ ಮಾಸಿಲ್ಲ. ಹಿತ್ತಲ ಗೇಟಿನ ಅಗುಳಿಗೆ ವರ್ಷಕ್ಕೊಮ್ಮೆ ಎರಡು ಹನಿ ಎಣ್ಣೆ ಬಿಡುವುದು ಈಗ ನನ್ನ ಕೆಲಸ. ಎಷ್ಟೇ ಗಾಳಿ ಬೀಸಿದರೂ ಗೇಟು ಬಡಿಯುವುದಿಲ್ಲ.